ರಾಜ ಬರುವ ಮೊದಲೇ ಮಂಗಳಾರತಿ

ನಾನು ನಿಂತದ್ದು ಮೂಡಲಗಿಯ ಒಂದು ಕಲ್ಯಾಣ ಮಂಟಪದ ವೇದಿಕೆಯ ಎಡಗಡೆ, ಮದುಮಗಳ ಖೋಲಿಯ ಬಾಗಿಲಲ್ಲಿ. ಎಡಗಾಲು ಹೊಸ್ತಿಲ ಒಳಗೆ, ಬಲಗಾಲು ವೇದಿಕೆಯ ಮೇಲೆ, ಬಲಗೈಯಲ್ಲಿ ಪರದೆಯ ಹಗ್ಗ. ಹೋದ ವರ್ಷ ದೀಪಾವಳಿ ಆದ ಮೇಲಿನ ರವಿವಾರ. ನಾಷ್ಟಾದ ಉಪ್ಪಿಟ್ಟು ಮುಗಿದು, ಊಟದ ಗೋಧಿ ಹುಗ್ಗಿ ಹಿತ್ತಲಲ್ಲಿ ಇನ್ನೂ ಕುದಿಯುತ್ತಿದ್ದ ಹೊತ್ತು.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಆ ದಿನ ಅಲ್ಲಿ ನಡೆದ ಆಟದ ಸಂಗತಿ ಈಗ ಮೂರು ಊರುಗಳಲ್ಲಿ ಮೂರು ಬಗೆಯಾಗಿ ಓಡಾಡುತ್ತಿದೆ. ಗೋಕಾಕದಲ್ಲಿ, ವೇದಿಕೆ ಮುರಿದು ಬಿತ್ತು ಎನ್ನುತ್ತಾರೆ. ಮೂಡಲಗಿಯಲ್ಲಿ, ರಾಜನ ಪಾತ್ರದವ ಕುಡಿದು ಬಂದಿದ್ದ ಎನ್ನುತ್ತಾರೆ. ಹುಕ್ಕೇರಿಯಲ್ಲಿ, ರಾಜನ ಹೆಂಡತಿ ನಿರೂಪಕನಿಗೆ ಚಪ್ಪಲಿ ತೋರಿಸಿದಳು ಎನ್ನುತ್ತಾರೆ. ವೇದಿಕೆ ಮುರಿಯಲಿಲ್ಲ. ರಾಜನ ಪಾತ್ರದವರು ನನ್ನ ಸೋದರಮಾವ. ಅವರು ಕುಡಿದದ್ದು ಜೀರಿಗೆ ಕಷಾಯ, ಕುದಿಸಿ ಕೊಟ್ಟವನು ನಾನು. ಅತ್ತೆಯ ಕೈಯಲ್ಲಿ ಚಪ್ಪಲಿ ಇದ್ದದ್ದು ನಿಜ. ಅದು ತೋರಿಸಲಿಕ್ಕಲ್ಲ, ಮಂಟಪದ ಬಾಗಿಲಲ್ಲಿ ಬಿಟ್ಟರೆ ಕಳೆದೀತು ಎಂದು ಹಿಡಿದುಕೊಂಡದ್ದು.

ಗೋಕಾಕದ ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಬೆರಳಚ್ಚು ಮಾಡುತ್ತ ನನ್ನ ನೌಕರಿ ಮುಗಿಯಿತು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆ ಇಡುವುದು ಅಲ್ಲಿ ಕಲಿತ ಚಟ.  ಇದನ್ನೂ ಹಾಗೆಯೇ ಕ್ರಮವಾಗಿ ಹೇಳುತ್ತೇನೆ.

ಮಾವನ ಊರು ಹುಕ್ಕೇರಿ. ಸರಕಾರಿ ಬಸ್ಸಿನ ಚಾಲಕರಾಗಿದ್ದರು, ಈಗ ನಿವೃತ್ತರು. ಬಸ್ಸಿಗಿಂತ ಹೆಚ್ಚು ವರ್ಷ ಅವರು ಸಣ್ಣಾಟದ ರಾಜರಾಗಿದ್ದರು. ನಮ್ಮ ಕಡೆ ಸಣ್ಣಾಟವೆಂದರೆ ಮಾತಿಗಿಂತ ಪದಗಳೇ ಜಾಸ್ತಿ. ಸಿಟ್ಟು ಬಂದರೂ ಹಾಡಬೇಕು, ನೀರು ಕೇಳಿದರೂ ಹಾಡಬೇಕು. ಮಾವನ ಆಟದ ಕಥೆ ಸಣ್ಣದು. ರಾಜ ಬೇಟೆಗೆ ಹೋಗುತ್ತಾನೆ, ಇಂಥ ದಿನ ಬರುತ್ತೇನೆ ಎಂದು ರಾಣಿಗೆ ಮಾತು ಕೊಟ್ಟಿರುತ್ತಾನೆ, ಬರುವುದಿಲ್ಲ. ರಾಣಿ ಅನ್ನ ಬಿಟ್ಟು ಕೋಪದಲ್ಲಿ ಕೂರುತ್ತಾಳೆ. ಕೊನೆಗೆ ರಾಜ ಬಂದು ತಪ್ಪಾಯಿತು ಎಂದು ಒಂದು ದೊಡ್ಡ ಪದ ಹಾಡುತ್ತಾನೆ. ಆ ಪದಕ್ಕಾಗಿಯೇ ಜನ ಬೆಳಗಿನ ತನಕ ಎದ್ದು ಕೂರುತ್ತಿದ್ದರು.

ಅತ್ತೆ ಮಾತ್ರ ಈ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಅದಕ್ಕೂ ಕಾರಣವಿತ್ತು. ಮದುವೆಯಾದ ಮೊದಲ ವರ್ಷ ಪಂಚಮಿಗೆ ತವರಿಗೆ ಹೋದವರನ್ನು ಕರೆದುಕೊಂಡು ಬರಲು ಮಾವ ಹೋಗಬೇಕಿತ್ತು. ಅತ್ತೆ ಟ್ರಂಕು ಕಟ್ಟೆಯ ಮೇಲಿಟ್ಟು, ತಲೆ ತುಂಬ ಹೂ ಮುಡಿದು ಕಾಯುತ್ತಾ ಕೂತರು. ಮಾವ ಕೌಜಲಗಿಯಲ್ಲಿ ಆಟ ಕಟ್ಟಿ, ಅಲ್ಲಿಂದ ಮತ್ತೊಂದು ಊರಿಗೆ ಹೋಗಿ, ಹೂವೆಲ್ಲ ಬಾಡಿ ಎಷ್ಟೋ ದಿನವಾದ ಮೇಲೆ ಕಿವಿಯ ಹಿಂದೆ ಬಣ್ಣ ಉಳಿಸಿಕೊಂಡು ಬಂದರು. ಏನೂ ಹೇಳಲಿಲ್ಲ. "ಬಸ್ ಐತಿ, ನಡಿ" ಅಂದರಂತೆ, ಅಷ್ಟೇ. ಅಂದಿನಿಂದ ಅತ್ತೆ ಅವರ ಆಟ ನೋಡುವುದಿಲ್ಲವೆಂದು ಹಠ ಹಿಡಿದರು. ಯಾರಾದರೂ ಕರೆದರೆ, "ಮನ್ಯಾಗ ದಿನಾ ರಾಜಾನ್ನ ನೋಡಾಕತ್ತೇನಿ, ಸಾಕಾಗೇತಿ" ಎನ್ನುತ್ತಿದ್ದರು.

ಮಾವನ ಗಂಟಲು ಈಗ ದಣಿದಿದೆ. ಇದೇ ಕೊನೆಯ ಸಲ, ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಅವರೇ ಹೇಳಿದ್ದರು. ಮೂಡಲಗಿಯ ಒಂದು ಸಮಿತಿಯವರು ಹಗಲು ಹೊತ್ತಿನಲ್ಲಿ ಆಟ ಇಟ್ಟರು. ನಾನು ಗೋಕಾಕದಿಂದ ಹುಕ್ಕೇರಿಗೆ ಹೋಗಿ ಅತ್ತೆಯ ಮುಂದೆ ಕೂತೆ. ಹಗಲಿನ ಆಟ, ನಿದ್ದೆ ಕೆಡುವುದಿಲ್ಲ, ಊಟವೂ ಇದೆ ಎಂದೆಲ್ಲ ಹೇಳಿದೆ. ಅತ್ತೆ ಹುಣಸೆಹಣ್ಣು ಬಿಡಿಸುತ್ತ, ನನ್ನ ಮುಖ ನೋಡದೆ, "ಕಡೀ ಆಟ ಅಂತಾರೇನು?" ಎಂದರು.

"ಹೌದ್ರಿ ಅತ್ತಿ."

"ಆ ತಪ್ಪಾತು ಅನ್ನೂ ಪದ ಇರತೈತೇನು ಅದರಾಗ?"

"ಅದ ಮುಖ್ಯ ಪದ ಐತ್ರಿ."

"ಹಂಗಾರ ಬರತೇನಿ. ಒಮ್ಮಿ ಅವರ ಬಾಯಿಂದ ಅದನ್ನ ಕೇಳೂಣು."

ಹೀಗೆ ಅತ್ತೆ ಹುಕ್ಕೇರಿಯಿಂದ ಕ್ರೂಸರ್ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಬಂದರು. ಹಿಂದೆ ಮಾವ, ಕಿರೀಟದ ಡಬ್ಬಿ ಮತ್ತು ನಾನು. ಧುಪದಾಳದಲ್ಲಿ ಆಟದ ರಾಣಿ ಹತ್ತಿದಳು. ಆಕೆ ಮಾವನ ಮೇಳದಲ್ಲಿ ಹಾಡುವ ಹೆಣ್ಣುಮಗಳು, ಮಾವನನ್ನು ಕಾಕಾ ಎನ್ನುತ್ತಾಳೆ.

ಆ ಮಂಟಪದಲ್ಲಿ ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ವೇದಿಕೆಯ ಹಿಂದೆ ಶುಭವಿವಾಹ ಎಂಬ ಥರ್ಮಾಕೋಲ್ ಅಕ್ಷರಗಳು ಹಾಗೇ ಇದ್ದವು. ವಧೂವರರ ಕೆಂಪು ಕುರ್ಚಿಗಳೇ ಸಿಂಹಾಸನ. ಮೇಳದ ಗುರು, ಪೇಟಿ ಅಂದರೆ ಹಾರ್ಮೋನಿಯಂ ಬಾರಿಸುವ ಕೌಜಲಗಿಯ ಮಾಸ್ತರು, ನನ್ನನ್ನು ನೋಡಿ, "ನೀವು ಅಲ್ಲಾಡದ ನಿಂದರತೀರಿ, ಹಗ್ಗಾ ಹಿಡೀರಿ" ಎಂದು ಪರದೆಯ ಹಗ್ಗ ಕೈಗಿತ್ತರು. ರಾಣಿಯ ಕೋಪದ ಪದ ಮುಗಿದ ಕೂಡಲೇ ಹಗ್ಗ ಜಗ್ಗಬೇಕು, ರಾಜ ಕಾಣಬೇಕು. ನನ್ನ ಕೆಲಸ ಅಷ್ಟೇ.

ಖೋಲಿಯೊಳಗೆ ಮಾವ ಮದುಮಗಳ ಕನ್ನಡಿಯ ಮುಂದೆ ಕೂತು ಮೀಸೆ ಬರೆಯುತ್ತಿದ್ದರು. ಕನ್ನಡಿಯ ಅಂಚಿಗೆ ಯಾರದೋ ಹಣೆಯ ಟಿಕಳಿಗಳು ಅಂಟಿದ್ದವು.

"ಅಳಿಯಾ, ನಿಮ್ಮತ್ತಿ ಕುಂತಾಳೇನು ನೋಡು."

"ಕುಂತಾರ್ರಿ. ಮುಂದಿನ ಸಾಲಿನ್ಯಾಗ."

"ಏನ ಮಾಡಾಕತ್ತಾಳ?"

"ಬಾಜೂದವರ ಕೂಡ ಮಾತಾಡಾಕತ್ತಾರ."

"ನಗಾಕತ್ತಾಳೇನು?"

"ಇಲ್ರಿ."

"ಚಲೋ ಆತು" ಎಂದು ಮಾವ ಎರಡನೆಯ ಮೀಸೆಗೆ ಕೈ ಹಾಕಿದರು. ಆ ಮೀಸೆ ಮೊದಲನೆಯದಕ್ಕಿಂತ ಸ್ವಲ್ಪ ಕೆಳಗೆ ಬಂತು. 

ಆಟಕ್ಕೆ ಮೊದಲು ಸತ್ಕಾರ. ನಮ್ಮ ಭಾಗದಲ್ಲಿ ಸತ್ಕಾರವಿಲ್ಲದ ಕಾರ್ಯಕ್ರಮವಿಲ್ಲ. ಶಾಲು, ಹಾರ, ಮೇಲೆ ರುಮಾಲು. ರುಮಾಲು ಕಟ್ಟಿ ತಂದದ್ದಲ್ಲ, ತಲೆಯ ಮೇಲೇ ಸುತ್ತುವುದು. ನಿರೂಪಕರು ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಒಬ್ಬೊಬ್ಬರನ್ನೂ ಸರಳತೆಯ ಸಾಕಾರಮೂರ್ತಿ ಎಂದು ಕರೆದು, ಮುಗಿಯುವ ತನಕ ತಾವೇ ಫೋಟೋ ತೆಗೆಯುತ್ತಿದ್ದರು. ಅತಿಥಿಗಳಿಗೆ ಆಯಿತು. ದಾನಿಗಳಿಗೆ ಆಯಿತು. ಅಡುಗೆಯವರಿಗೆ ಆಯಿತು. ಕಡೆಗೆ ಅಷ್ಟೂ ಜನಕ್ಕೆ ರುಮಾಲು ಸುತ್ತಿದವರಿಗೆ ಯಾರು ಸುತ್ತಬೇಕು ಎಂಬ ಪ್ರಶ್ನೆ ಬಂದು, ಅವರೇ ಕನ್ನಡಿ ತರಿಸಿ ತಮಗೆ ತಾವೇ ಸುತ್ತಿಕೊಂಡರು. ಚಪ್ಪಾಳೆ ಜೋರಾಗಿ ಬಿತ್ತು.

ಮುಖ್ಯ ಅತಿಥಿ, ಎಲ್ಲರೂ ಸಾಹೇಬರು ಎನ್ನುತ್ತಿದ್ದವರು, ಇನ್ನೂ ಬಂದಿರಲಿಲ್ಲ. ದೀಪ ಹಚ್ಚಬೇಕಾದವರು ಅವರೇ. ಸಮಿತಿಯ ಅಧ್ಯಕ್ಷರು ನಿರೂಪಕರಿಗೆ, ಸಾಹೇಬರು ಬಂದಾಗ ದೇವರ ಫೋಟೋಕ್ಕೆ ಅವರ ಕೈಯಿಂದ ಒಂದು ಮಂಗಳಾರತಿ ಮಾಡಿಸಿಬಿಡಿ, ಈಗ ಆಟ ಶುರುವಾಗಲಿ ಎಂದರಂತೆ. ಇದು ನಾನು ಕೇಳಿದ್ದಲ್ಲ, ಆಮೇಲೆ ತಿಳಿದದ್ದು. ಮಾಸ್ತರೂ ಕೇಳಿರಲಿಲ್ಲ. ಅವರು ಪೇಟಿಯ ಒಂದು ಸ್ವರದ ಮನೆ ಗಾಳಿ ಬಿಡುತ್ತಿದೆಯೆಂದು ಅದಕ್ಕೆ ಕಾಗದ ತುರುಕುತ್ತಿದ್ದರು.

ಆಟ ಶುರುವಾಯಿತು. ದೀಪ ಹಚ್ಚದೆಯೇ ಶುರುವಾಯಿತು ಎಂಬುದನ್ನು ಓದುವವರು ನೆನಪಿಡಬೇಕು, ಮುಂದೆ ಅದು ಬೇಕಾಗುತ್ತದೆ.

ರಾಣಿ ಚೆನ್ನಾಗಿ ಹಾಡಿದಳು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆಕೆ ಅನ್ನ ಬಿಟ್ಟು ಎರಡನೆಯ ಪದ ಎತ್ತಿಕೊಂಡಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಮಾತು ನಿಂತಿತು. ಅಷ್ಟರಲ್ಲಿ ನಿರೂಪಕರು ಬಂದು, "ಒಂದ ನಿಮಿಷ ಕ್ಷಮೆ ಇರಲಿ" ಎಂದು ಮೈಕು ಇಸಿದುಕೊಂಡು, ತಡವಾಗಿ ಬಂದ ಒಬ್ಬ ದಾನಿಗೆ ರುಮಾಲು ಸುತ್ತಿಸಿದರು. ರಾಣಿ ಎತ್ತಿದ ಕೈ ಇಳಿಸದೆ ನಿಂತಿದ್ದಳು. ಮತ್ತೆ ಹಾಡಿದಳು. ಮತ್ತೆ ಬಂದರು. ಈ ಸಲ ರಾಣಿಗೇ ಸತ್ಕಾರ: ಹಾರ, ಒಂದು ಬುಟ್ಟಿ ಹಣ್ಣು. ಅನ್ನ ಬಿಟ್ಟ ರಾಣಿ ಹಣ್ಣಿನ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು, "ಹನಿ ನೀರೂ ಒಲ್ಲೆ" ಎಂಬ ಸಾಲಿಗೆ ಮರಳಿದಳು. ಹಿಂದಿನಿಂದ ಯಾರೋ, "ಬಾಳಿಹಣ್ಣರ ತಿನ್ನವಾ" ಎಂದು ಕೂಗಿದರು.

ನನ್ನ ಬೆನ್ನ ಹಿಂದೆ ಮಾವ ಎದ್ದು ನಿಂತಿದ್ದರು. ಕಿರೀಟ ಏರಿತ್ತು. ಅವರ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು, ಜೀರಿಗೆಯ ವಾಸನೆ ಬರುತ್ತಿತ್ತು. ಬಾಯೊಳಗೇ ಮೊದಲ ಸಾಲು ಅನ್ನುತ್ತಿದ್ದರು: "ಬೇಟಿಗೆ ಹೋದಾವ ಬಂದೇನ ಬಾಗಿಲಕ..." ಆಟದ ಪದ ನನಗೆ ನೆನಪಿರುವುದು ಅಷ್ಟೇ. ಒಂದೇ ಸಾಲು ಅಷ್ಟು ಸಲ ಅಂದರು.

ಆಗ ಮಂಟಪದ ಬಾಗಿಲಲ್ಲಿ ಗದ್ದಲವಾಗಿ ಸಾಹೇಬರು ಬಂದರು. ಅವರಿಗೆ ಶಾಲು, ಹಾರ, ರುಮಾಲು. ಇದಾಗುತ್ತಿರುವಾಗಲೇ ರಾಣಿ ಕೋಪದ ಪದವನ್ನು ಮುಗಿಸಿ ಕೆಂಪು ಕುರ್ಚಿಗೆ ಬೆನ್ನು ತಿರುಗಿಸಿ ಕೂತಳು. ನಾನು ಹಗ್ಗ ಬಿಗಿ ಹಿಡಿದೆ. ನಿರೂಪಕರು ಮೈಕಿಗೆ ಬಾಯಿ ಹಚ್ಚಿ ಹೇಳಿದರು, ಈ ಮಾತು ಅಕ್ಷರಶಃ ನೆನಪಿದೆ:

"ಈಗ ಮಂಗಳಾರತಿ."

ಮಾಸ್ತರು ತಲೆ ಎತ್ತಿದರು. "ಈಗೇನ್ರಿ?"

"ಹೌದ್ರಿ, ಈಗ. ಸಾಹೇಬರು ಹೊಂಟಾರ."

"ಖರೇನ ಈಗೇನ್ರಿ?"

"ಮಾಡ್ರಿ ಲಗೂನ!"

ನಿರೂಪಕರ ಮನಸ್ಸಿನಲ್ಲಿ ಇದ್ದದ್ದು ಫೋಟೋಕ್ಕೆ ಕರ್ಪೂರ ಬೆಳಗುವುದು. ಆದರೆ ಆಟದವರಿಗೆ ಮಂಗಳಾರತಿ ಎಂದರೆ ಒಂದೇ ಅರ್ಥ: ಮುಕ್ತಾಯದ ಮಂಗಳ ಪದ. ಇಂಥ ಸಭೆಗಳಲ್ಲಿ ಹೊತ್ತು ಮೀರಿತೆಂದು ಆಟವನ್ನು ಅರ್ಧಕ್ಕೆ ಕಡಿಯುವುದು ಮಾಸ್ತರರಿಗೆ ಹೊಸದಲ್ಲ. ಮುಖ ಸಣ್ಣದು ಮಾಡಿಕೊಂಡು ಪೇಟಿಯ ಮೇಲೆ ಕೈಯಿಟ್ಟರು. ತಬಲಾದವರು ಕೂಡಿಕೊಂಡರು. ಮೇಳವೆಲ್ಲ ಮಂಗಳ ಹಾಡಿತು.

ಮುಂದಿನದು ಬಹಳ ಬೇಗ ನಡೆಯಿತು. ಆ ರಾಗ ಕಿವಿಗೆ ಬಿದ್ದ ಕೂಡಲೇ ಸಭೆಯೆಲ್ಲ ಎದ್ದು ಕೈ ಮುಗಿಯಿತು. ಹುಟ್ಟಿದಾಗಿನಿಂದ ಹಾಗೇ ಮಾಡಿದ ಜನ. ಸಾಹೇಬರು ವೇದಿಕೆಗೆ ಬಂದು ಫೋಟೋದ ಕಡೆ ಕರ್ಪೂರ ಬೆಳಗಿದರು. ರಾಣಿ ತಿರುಗಿ ನೋಡಿ, ಏನು ಮಾಡಬೇಕೋ ತಿಳಿಯದೆ, ತಾನೂ ಕೈ ಮುಗಿದಳು. ಪದ ಮುಗಿಯಿತು. ಜನ ಚಪ್ಪಲಿಯತ್ತ ನಡೆದರು. ಯಾರೋ, "ಹುಗ್ಗಿ ಆಗೇತಂತ" ಎಂದರು. ಆಮೇಲೆ ಯಾರೂ ನಿಲ್ಲಲಿಲ್ಲ.

"ಅಯ್ಯ, ಕುಂದರ್ರಿ, ಕುಂದರ್ರಿ! ಆಟ ಐತಿ ಇನ್ನ!" ನಿರೂಪಕರು ಮೈಕಿನಲ್ಲಿ ಚೀರಿದರು. ಮಾಸ್ತರ ಕಡೆ ತಿರುಗಿ, "ಹಾಡ್ರಿ ಮುಂದ, ರಾಜಾನ್ನ ಕಳಸ್ರಿ" ಎಂದರು.

ಮಾಸ್ತರು ಆಗಲೇ ಪೇಟಿಯ ಮುಚ್ಚಳ ಹಾಕುತ್ತಿದ್ದರು. "ಮಂಗಳ ಆದ ಮ್ಯಾಲ ಹೆಂಗ ಹಾಡೂದ್ರಿ? ಮಣ್ಣ ಕೊಟ್ಟ ಬಂದ ಮ್ಯಾಲ ಔಷಧಾ ಕುಡಸಂದಂಗ ಆತು ನಿಮ್ಮ ಮಾತು."

"ನಾ ಹೇಳಿದ್ದು ಫೋಟೋದ ಮಂಗಳಾರತಿ!"

"ಫೋಟೋಕ್ಕ ಪೇಟಿ ಯಾಕ ಬೇಕ್ರಿ? ನನ್ನ ಯಾಕ ಕೇಳಿದ್ರಿ?"

"ನಾ ಎಲ್ಲಿ ಕೇಳೇನಿ? ನೀವ ಕೇಳಿದ್ರಿ, ನಾ ಹೌದಂದೆ!"

ಈ ವಾದದಲ್ಲಿ ತಪ್ಪು ಯಾರದೆಂದು ಇವತ್ತಿಗೂ ತೀರ್ಮಾನ ಮಾಡಲು ನನ್ನಿಂದ ಆಗಿಲ್ಲ.

ಹಗ್ಗ ನನ್ನ ಕೈಯಲ್ಲೇ ಇತ್ತು. ಹಿಂದಿನಿಂದ ಮಾವ ಮೆಲ್ಲಗೆ, "ಅಳಿಯಾ, ನಾ ಯಾವಾಗ ಹೋಗೂದು?" ಎಂದು ಕೇಳಿದರು. ನಾನು ತಿರುಗಿ ನೋಡಲಿಲ್ಲ.  ಸ್ವಲ್ಪ ಹೊತ್ತಿನ ಮೇಲೆ ಕಿರೀಟವನ್ನು ಡಬ್ಬಿಯಲ್ಲಿಟ್ಟ ಸದ್ದು ಕೇಳಿತು.

ಊಟದ ಸಾಲಿನಲ್ಲಿ ಅತ್ತೆ ನನ್ನನ್ನು ಹಿಡಿದರು. ಕೈಯಲ್ಲಿ ಚಪ್ಪಲಿ.

"ಕಡೀಕ ಬಂದು ಆರತಿ ಮಾಡಿದಾರಲ್ಲ, ರುಮಾಲ ಸುತಗೊಂಡು, ಅವರ ಏನು ನಿಮ್ಮ ಮಾವ?"

ನಾನು ಕೈಯಲ್ಲಿದ್ದ ತಾಟನ್ನು ಕಿಟಕಿಯ ಮೇಲಿಟ್ಟೆ.

"ಬಣ್ಣ ಹಚ್ಚಿದರ ಗುರತ ಸಿಗಾಂಗಿಲ್ಲ ಅಂತಾರ, ಅದಕ್ಕ ನೋಡಿದೆ. ಹೊಟ್ಟಿ ಭಾಳ ದೊಡ್ಡದಿತ್ತು. ದಿಂಬ ಕಟ್ಟಿರಬೇಕು ಅನಕೊಂಡೆ. ಎಲ್ಲಾರೂ ಕೈ ಮುಗದರು, ಅಂದ ಮ್ಯಾಲ ರಾಜಾನ. ಆದರ ಒಂದ ಪದಾನೂ ಹಾಡಲಿಲ್ಲಲ್ಲ?"

"ಅತ್ತಿ, ಅವರು ಸಾಹೇಬರ್ರಿ. ಮಾವ ಹೊರಗ ಬರಲೇ ಇಲ್ಲ."

 ಅತ್ತೆ ನೇರ, ಕ್ಯಾಮೆರಾ ಕೊರಳಲ್ಲಿ ಹಾಕಿಕೊಂಡು ಹುಗ್ಗಿ ಬಡಿಸಿಕೊಳ್ಳುತ್ತಿದ್ದ ನಿರೂಪಕರ ಮುಂದೆ ಹೋಗಿ ನಿಂತರು. ಮಂಗಳಾರತಿ ಎಂಬ ಮಾತಿಗೆ ಇನ್ನೂ ಒಂದು ಅರ್ಥವಿದೆಯಲ್ಲ, ಆ ದಿನ ಅದೂ ನೆರವೇರಿತು.

"ಇಷ್ಟ ವರ್ಷ ಅವರ ಆಟ ನೋಡಲಿಲ್ಲ ನಾ. ಅದು ನನ್ನ ಹಠಾ. ನನ್ನ ಹಠಾ ನಾ ಬಿಟ್ಟ ಬಂದೇನಿ ಇವತ್ತ. ನಡುವ ನೀ ಯಾವನೋ? ಗಂಡಾ ಹೆಂಡತಿ ಜಗಳದಾಗ ನಿಂದೇನೋ ಮೈಕು?"

"ಅಮ್ಮಾರ, ನಂದು ತಪ್ಪಾತ್ರಿ" ಎಂದರು ನಿರೂಪಕರು.

"ನೀ ಯಾಕ ಅಂತಿ ಅದನ್ನ? ಅದನ್ನ ಅನ್ನಬೇಕಾದವರು ಬ್ಯಾರೇ ಅದಾರ!"

ಸುತ್ತ ನಿಂತವರು ನಕ್ಕರು. ಸಾಕ್ಷಿಯಾಗಿ ಹೇಳುತ್ತೇನೆ, ಚಪ್ಪಲಿ ಅತ್ತೆಯ ಎದೆಗೆ ಒತ್ತಿಕೊಂಡಿತ್ತು, ಮೇಲೇಳಲಿಲ್ಲ.

ಊಟ ಮುಗಿಸಿ ಅದೇ ಗಾಡಿಯಲ್ಲಿ ಮರಳಿ ಹೊರಟೆವು. ಮಾವ ಬಣ್ಣ ಒರೆಸಿದ್ದರು, ಆದರೆ ಒಂದೇ ಕಡೆ. ಅರ್ಧಕ್ಕೆ ಬೇಸರ ಬಂದು ಬಿಟ್ಟಿದ್ದರು. ನಾನು ಗೋಕಾಕದಲ್ಲಿ ಇಳಿಯಬೇಕಾದವನು, ಇಳಿಯಲು ಮನಸ್ಸಾಗಲಿಲ್ಲ. ಮುಂದೆ ದಾರಿಯಲ್ಲಿ ರಾಣಿ ತನ್ನ ಬುಟ್ಟಿಯ ಬಾಳೆಹಣ್ಣು ಸುಲಿಯುತ್ತ, "ಕಾಕಾ, ನನ್ನ ಸಿಟ್ಟ ಹಂಗ ಉಳದೈತ್ರಿ. ಮನೀಗೆ ಒಯ್ದರ ನಮ್ಮ ಮನಿಯವರಿಗೆ ತ್ರಾಸ ಆಗತೈತಿ" ಎಂದಳು. ಮಾವ ನಗಲಿಲ್ಲ.

ಧುಪದಾಳದಲ್ಲಿ ಹೊಳೆಯ ಕಟ್ಟೆಯ ಹತ್ತಿರ ಚಹಾಕ್ಕೆ ಗಾಡಿ ನಿಲ್ಲಿಸಿದೆವು. ಹೊತ್ತು ಇಳಿಯುತ್ತಿತ್ತು. ಆ ವರ್ಷ ಹಿಂಗಾರು ಮಳೆ ಜೋರಿದ್ದು, ನೀರು ಕಟ್ಟೆಯ ಮೇಲಿಂದ ಉದ್ದಕ್ಕೂ ಬೀಳುತ್ತಿತ್ತು. ಚಹಾದಂಗಡಿಯ ಚಾಚಾ ಮಾವನ ಅರ್ಧ ಬಣ್ಣದ ಮುಖ ನೋಡಿ, "ಏನ್ರಿ, ಒಂದ ಕಡಿ ಅಷ್ಟ ಮದವಿ ಆಗೇತೇನು?" ಎಂದರು.

ಅತ್ತೆ ಚಹಾದ ಬಸಿ ಕೆಳಗಿಟ್ಟರು. "ಹಾಡ್ರಿ" ಎಂದರು.

"ಏನು?"

"ಆ ಪದಾ."

"ಮಂಗಳ ಆಗೇತಿ. ಇವತ್ತ ಇನ್ನ ಹಾಡಬಾರದು" ಎಂದು ಮಾವ ನೀರಿನ ಕಡೆ ಮುಖ ಮಾಡಿದರು. ಮೇಳದವರಿಗೆ ಇದು ಹುಡುಗಾಟದ ಮಾತಲ್ಲ. ಮಂಗಳವಾಗಿ ಗೆಜ್ಜೆ ಬಿಚ್ಚಿದ ಮೇಲೆ ಆ ದಿನ ಆಟದ ಪದ ಬಾಯಲ್ಲಿ ತರುವುದಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ತಮ್ಮಾ, ನೀ ಕೋರ್ಟಿನ್ಯಾಗ ಇದ್ದಾಂವ. ಖರೇ ಹೇಳು. ಆಟ ಶುರು ಆಗಬೇಕಾರ ದೀಪಾ ಹಚ್ಚಿದರೇನು?"

"ಇಲ್ರಿ. ಸಾಹೇಬರು ಬಂದಿರಲಿಲ್ಲ."

"ಆ ಸಾಹೇಬ ಕಡೀಕ ಮಾಡಿದ್ದು, ಮೊದಲ ಮಾಡಬೇಕಾದ್ದು. ಹೌದಿಲ್ಲೋ?"

"ಹೌದ್ರಿ."

"ಅಂದ ಮ್ಯಾಲ ಅದು ಮುಗಸೂ ಮಂಗಳಾರತಿ ಅಲ್ಲ. ಚಾಲೂ ಮಾಡೂ ಮಂಗಳಾರತಿ. ಆಟ ಈಗ ಶುರು ಆಗೇತಿ. ಹಾಡ್ರಿ."

ಎಷ್ಟೋ ವಕೀಲರ ಮಾತು ಬೆರಳಚ್ಚು ಮಾಡಿದ್ದೇನೆ. ಇದರಲ್ಲಿ ನನಗೆ ಸಂದು ಕಾಣಲಿಲ್ಲ. ಮಾವನೂ ಹುಡುಕಿದರು, ಅವರಿಗೂ ಕಾಣಲಿಲ್ಲ. ರಾಣಿ ಬಾಳೆಹಣ್ಣಿನ ಸಿಪ್ಪೆ ಒಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಪದ ಪದದ ಕೊನೆಯ ಸಾಲನ್ನು ಎತ್ತಿ ಕೊಟ್ಟಳು. ಮಾವ ಡಬ್ಬಿಯಿಂದ ಕಿರೀಟ ತೆಗೆದು ತಲೆಗಿಟ್ಟುಕೊಂಡರು. ಅರ್ಧ ಬಣ್ಣ, ಒಂದೇ ಮೀಸೆ, ಪ್ಯಾಂಟು. ಅತ್ತೆಯ ಮುಂದೆ ನಿಂತು ಬಾಯಿ ತೆರೆದರು.

ಹಾಡಿದ್ದು ಹೇಗಿತ್ತು ಎಂದರೆ, ಬೆಳಗಿನಿಂದ ಕಾದ ಗಂಟಲು, ಮೇಲೆ ಹುಗ್ಗಿ. ಎತ್ತರದ ಸ್ವರಕ್ಕೆ ಹೋದಾಗಲೆಲ್ಲ ಗೇರು ಬದಲಿಸುವಾಗ ಬಸ್ಸು ಮಾಡುವಂಥ ಒಂದು ಸದ್ದು ಬರುತ್ತಿತ್ತು. ಉಳಿದದ್ದನ್ನು ಕಟ್ಟೆಯ ನೀರು ನುಂಗಿತು. ನಾನು ಚಹಾದಂಗಡಿಯ ಬೆಂಚಿನ ಪಕ್ಕ ನಿಂತಿದ್ದೆ. ಬೇಟಿಗೆ ಹೋದಾವ ಎಂಬಲ್ಲಿ ಒಮ್ಮೆ, ಕಡೆಯಲ್ಲಿ ತಪ್ಪಾತ ಎಂಬಲ್ಲಿ ಒಮ್ಮೆ, ಇಷ್ಟೇ ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು. ನಾನು ಕಂಡ ಆಟಗಳಲ್ಲೇ ಇಷ್ಟು ಕೆಟ್ಟ ಹಾಡುಗಾರಿಕೆ ಬೇರೆ ಇಲ್ಲ. ಮಾವ ಪೂರ್ತಿ ಪದ ಹಾಡಿ, ಬೆವರು ಒರೆಸಿಕೊಂಡು, ಅತ್ತೆಯ ಮುಖ ನೋಡಿದರು.

"ಏನೂ ಕೇಳಸಲಿಲ್ಲ" ಎಂದರು ಅತ್ತೆ. "ನೀರಿನ ಸಪ್ಪಳಾ ಭಾಳ ಐತಿ. ಇನ್ನೊಮ್ಮಿ ಹಾಡ್ರಿ."

ಮಾವ ಇನ್ನೊಮ್ಮೆ ಹಾಡಿದರು. ಅದಾದ ಮೇಲೆ ಮತ್ತೊಮ್ಮೆ.

ಇದನ್ನು ಕಂಡವರಲ್ಲಿ ಈಗ ಇರುವವರು ಯಾರೆಂದರೆ: ಧುಪದಾಳದ ರಾಣಿ. ಚಹಾದಂಗಡಿಯ ಚಾಚಾ, ಇನ್ನೊಮ್ಮೆ ಎಂದು ಅತ್ತೆ ಅಂದಾಗಲೆಲ್ಲ ಅವರೂ ಒಲೆಯ ಮೇಲೆ ಹೊಸ ಚಹಾ ಇಟ್ಟರು. ಕ್ರೂಸರ್ ಓಡಿಸಿದ ಹುಕ್ಕೇರಿಯವನು; ತಾನು ಮಲಗಿದ್ದೆ ಎನ್ನುತ್ತಾನೆ, ಸುಳ್ಳು, ಬಾನೆಟ್ಟಿನ ಮೇಲೆ ತಾಳ ಹಾಕುತ್ತಿದ್ದ. ಮಾಸ್ತರು ಮಂಟಪದಲ್ಲಿ ಇದ್ದರು, ಕಟ್ಟೆಯ ಹತ್ತಿರ ಇರಲಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡರು, ಆ ಮಂಗಳಾರತಿ ಶುರುವಿನದೆಂದು ಅವರಿಗೆ ಹೇಳಬೇಕೆಂದಿದ್ದದ್ದು ಹಾಗೇ ಉಳಿಯಿತು. ಮಾವ ಇದ್ದಾರೆ, ಹಾಡಿದವರ ಸಾಕ್ಷ್ಯ ಹಿಡಿಯುವಂತಿಲ್ಲ, ಅವರು ಬಹಳ ಚೆನ್ನಾಗಿತ್ತು ಎನ್ನುತ್ತಾರೆ. ಅತ್ತೆ ಇದ್ದಾರೆ. ಎಲ್ಲರಿಗಿಂತ ಹತ್ತಿರ ಕೂತಿದ್ದವರು ಅವರೇ. ಕೇಳಿ ನೋಡಿ, ಇವತ್ತಿಗೂ ಏನೂ ಕೇಳಿಸಲಿಲ್ಲ ಎಂದೇ ಹೇಳುತ್ತಾರೆ.